ಬುತ್ತಿ ಕಟ್ಟಿಕೊಂಡು ಬರ್ಗರ್ ಅಂಗಡಿಗೆ

ಇಂಡಿ ಪಟ್ಟಣದಲ್ಲಿ, ಸಿಂದಗಿ ರಸ್ತೆಗೆ ಹೊಂದಿಕೊಂಡ ಒಂದು ಓಣಿಯಲ್ಲಿ, ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಬಹಳ ಗಂಭೀರವಾದ ಪ್ರಶ್ನೆಯೊಂದು ಎದ್ದಿತು. ಅದನ್ನು ಈವರೆಗೆ ಯಾರೂ ಬರೆದಿಡದಿರುವುದು ನಮ್ಮ ಸಾರ್ವಜನಿಕ ಜೀವನದ ದೊಡ್ಡ ಲೋಪವೆಂದೇ ಹೇಳಬೇಕು. ಹೊಲದ ಬದುವಿನ ತಕರಾರು ಬಗೆಹರಿಸಿದವರು, ಸಿಟ್ಟಾಗಿ ತವರಿಗೆ ಹೋದ ಸೊಸೆಯರನ್ನು ಮರಳಿ ಕರೆತಂದವರು, ಸತ್ತವರ ಆಸ್ತಿಯನ್ನು ಬದುಕಿದ್ದವರಿಗೆ ಪಾಲು ಮಾಡಿಕೊಟ್ಟವರು ಎಲ್ಲರೂ ಇದ್ದ ಓಣಿ ಅದು. ಆದರೂ ಈ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಅಲ್ಲಿ ಸಿಗಲಿಲ್ಲ. ಪ್ರಶ್ನೆ ಇದು: ಬರ್ಗರ್ ಎಂಬುದು ಊಟವೋ, ಪಲ್ಯವೋ?

ಎದ್ದದ್ದು ಚಂದಪ್ಪನ ಮನೆಯಲ್ಲಿ. ಚಂದಪ್ಪ ನಿವೃತ್ತ ಬಸ್ ಕಂಡಕ್ಟರ್. ಕೆಲಸ ಬಿಟ್ಟು ಬಹಳ ವರ್ಷವಾಗಿದ್ದರೂ ಯಾರಾದರೂ ಬಾಗಿಲಲ್ಲಿ ನಿಂತರೆ ‘ಒಳಗ ಸರೀರಿ, ಒಳಗ ಸರೀರಿ’ ಎನ್ನುವುದನ್ನು ಬಿಟ್ಟಿರಲಿಲ್ಲ. ಅವನ ಹೆಂಡತಿ ಗುಂಡವ್ವ. ಮಗ ರಾವಸಾಬ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವವನು. ಸುತ್ತಲಿನ ಲಿಂಬೆ ತೋಟಗಳ ಮೋಟರುಗಳೆಲ್ಲ ಅವನ ಅಂಗಡಿಯ ಮುಂದೆ ಬಂದು ಬೀಳುತ್ತಿದ್ದವು. ರಾವಸಾಬನ ಹೆಂಡತಿ ರಾಜಶ್ರೀ. ಮಕ್ಕಳು ಇಬ್ಬರು: ಲಿಂಬೆ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕಿದ್ದ ಅರುಣಕುಮಾರ, ಪಿಯುಸಿ ಓದುತ್ತಿದ್ದ ಪಲ್ಲವಿ. ಆರೂ ಜನ ಎರಡು ಹೊತ್ತು ಜೋಳದ ರೊಟ್ಟಿ ತಿನ್ನುವವರು. ಬಡಿಯುವವಳು ರಾಜಶ್ರೀ ಒಬ್ಬಳೇ.

ಬಸ್ ಸ್ಟ್ಯಾಂಡಿನ ಹತ್ತಿರ ಇಜಾಜ ಎಂಬುವನು ಹೊಸದಾಗಿ ಬರ್ಗರ್ ಅಂಗಡಿ ತೆರೆದಿದ್ದ. ಪುಣೆಯ ಹೋಟೆಲುಗಳಲ್ಲಿ ಕೆಲಸ ಮಾಡಿ ಬಂದವನು. ಒಂದು ರವಿವಾರ ಸಂಜೆ ಅರುಣಕುಮಾರ ಅಲ್ಲಿಂದ ಎರಡು ಕೈಯಲ್ಲಿ ಎರಡು ಚೀಲ ಹಿಡಿದು ಬಂದ.

“ಅವ್ವಾ, ಇವತ್ತ ಹಂಚು ಇಡಬ್ಯಾಡ. ಎಲ್ಲಾರಿಗೂ ಬರ್ಗರ್ ತಂದೇನಿ.”

ಹಿಟ್ಟಿನ ಡಬ್ಬಿ ತೆರೆದಿದ್ದ ರಾಜಶ್ರೀ ಮುಚ್ಚಳ ಮುಚ್ಚಿದಳು. ಕೈ ಒರೆಸಿಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತಳು. ಎದುರು ಮನೆಯ ಸಾತವ್ವ ಕಸ ಚೆಲ್ಲಲು ಬಂದವಳು ಬುಟ್ಟಿ ಹಿಡಿದುಕೊಂಡೇ ನಿಂತಳು.

“ಏನವಾ ರಾಜಶ್ರೀ, ಆರಾಮ ಇಲ್ಲೇನು?”

“ಆರಾಮ ಅದೀನ್ರಿ.”

“ಮತ್ತ ಇಷ್ಟೊತ್ತಿನಾಗ ಹೊರಗ ಕುಂತೀಯಲ್ಲ!”

ಒಳಗೆ ಗುಂಡವ್ವ ತನ್ನ ಪಾಲಿನ ಬರ್ಗರನ್ನು ತಾಟಿನಲ್ಲಿಟ್ಟು ಬಿಚ್ಚತೊಡಗಿದ್ದಳು. ಮೇಲಿನ ಪಾವನ್ನು ಈ ಕಡೆ ಇಟ್ಟಳು, ಕೆಳಗಿನದನ್ನು ಆ ಕಡೆ. ನಡುವಿನ ಬಟಾಟೆಯ ಟಿಕ್ಕಿಯನ್ನು ತಾಟಿನ ಮಧ್ಯಕ್ಕೆ ತಂದಳು. ಉಳ್ಳಾಗಡ್ಡಿಯ ಬಿಲ್ಲೆಗಳನ್ನು ಬೇರೆ ಮಾಡಿ, ಬಿಳಿಯ ಸಾಸನ್ನು ಬೆರಳಿನಿಂದ ತಾಟಿನ ಅಂಚಿಗೆ ಒರೆಸಿದಳು. ಟಿಕ್ಕಿಯ ಒಂದು ಚೂರು ಬಾಯಿಗೆ ಹಾಕಿಕೊಂಡಳು.

“ಪಲ್ಯ ಚಲೋ ಐತಿ. ರೊಟ್ಟಿ ಎಲ್ಲಿ?”

“ಆಯಿ, ಅದಕ್ಕ ರೊಟ್ಟಿ ಬ್ಯಾಡ. ಪಾವ್ ಐತಲ್ಲ” ಎಂದ ಅರುಣಕುಮಾರ.

“ಪಾವು ಚಹಾದಾಗ ಅದ್ದಾಕಪಾ. ಇದನ್ನ ಮುಂಜಾನಿ ತಿಂತೇನಿ. ಈಗ ಊಟಕ್ಕ ಏನೈತಿ?”

“ಇದ ಊಟ!”

“ಇದು ಪಲ್ಯ” ಎಂದಳು ಗುಂಡವ್ವ. ಅದು ಅಭಿಪ್ರಾಯದಂತಿರಲಿಲ್ಲ, ತೀರ್ಪಿನಂತಿತ್ತು.

ಚಂದಪ್ಪ ಗಂಟಲು ಸರಿಮಾಡಿಕೊಂಡ. “ರಾಜಶ್ರೀ, ನನಗ ಎರಡ ಸಾಕವಾ.”

“ಹೆಂಗೂ ಹಂಚು ಇಡ್ತಿ, ನಂದೂ ಹಾಕಿಬಿಡು” ಎಂದ ರಾವಸಾಬ.

ಬರ್ಗರ್ ತಂದ ಅರುಣಕುಮಾರನೂ ಸ್ವಲ್ಪ ಹೊತ್ತು ಬಿಟ್ಟು, “ಬಿಸಿ ಇದ್ರ ನನಗೂ ಒಂದು ಇರ್ಲಿ” ಎಂದ.

ರಾಜಶ್ರೀ ಎದ್ದು ಒಳಗೆ ಬಂದು ಡಬ್ಬಿಯ ಮುಚ್ಚಳ ತೆಗೆದಳು. ಅಂದು ರಾತ್ರಿ ಆ ಮನೆಯಲ್ಲಿ ಎಂದಿಗಿಂತ ಹೆಚ್ಚು ರೊಟ್ಟಿ ಖರ್ಚಾದವು, ಏಕೆಂದರೆ ಪಲ್ಯ ಚೆನ್ನಾಗಿತ್ತು. ಇನ್ನೊಂದು ಚೀಲದಲ್ಲಿದ್ದ ಫ್ರೈಸ್ ಅಷ್ಟರಲ್ಲಿ ಮೆತ್ತಗಾಗಿದ್ದವು. ಗುಂಡವ್ವ ಒಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಅದು ಬಾಗಿತು.

“ಇದಕ್ಕೇನು ಜ್ವರ ಬಂದೈತೇನು?”

ಮರುದಿನ ಮುಂಜಾನೆ ರಾವಸಾಬ ಅಂಗಡಿಗೆ ಹೊರಡುವ ಮೊದಲು ಉಣ್ಣುತ್ತಿದ್ದಾಗ ರಾಜಶ್ರೀ ಹಂಚಿನ ಮೇಲಿನ ರೊಟ್ಟಿ ತಿರುವುತ್ತ ಹೇಳಿದಳು:

“ಐತವಾರ ಸಂಜಿಕ ನಾ ಇನ್ನ ರೊಟ್ಟಿ ಬಡಿಯಂಗಿಲ್ಲ.”

“ಯಾಕ, ಕೈ ನೋಯಾಕತ್ತೈತೇನು?”

“ಕೈಗೇನೂ ಆಗಿಲ್ಲ.”

“ಬೆನ್ನು?”

“ಬೆನ್ನಿಗೂ ಆಗಿಲ್ಲ.”

“ಮತ್ತೇನಾಗೇತಿ?”

“ಬ್ಯಾಸರಾಗೇತಿ.”

ರಾವಸಾಬ ತುತ್ತನ್ನು ಕೈಯಲ್ಲೇ ಹಿಡಿದು ಯೋಚಿಸಿದ. “ಬ್ಯಾಸರ ಅಂದ್ರ... ಡಾಕ್ಟರ ಮುಂದ ಏನಂತ ಹೇಳೂದು?”

“ಡಾಕ್ಟರ ಯಾಕ ಬೇಕು? ವಾರಕ್ಕ ಒಂದ ಸಂಜಿ ಬಿಡ್ರಿ ಅನ್ನಾಕತ್ತೇನಿ.”

“ಹಂಗಲ್ಲ ರಾಜಶ್ರೀ. ನೋಡು, ಮೋಟರ್ ಸುಟ್ರ ನಾ ಬಿಚ್ತೇನಿ. ಚಲೋ ತಿರುಗೂ ಮೋಟರ್ ಯಾರಾದ್ರೂ ಬಂದ್ ಮಾಡಿ ಇಡ್ತಾರೇನು?”

“ಅದಕ್ಕ ನಿಮ್ಮ ಅಂಗಡಿ ಮುಂದ ಅಷ್ಟ ಸುಟ್ಟಾವು ಬಿದ್ದಿರ್ತಾವು.”

 ರಾವಸಾಬ ಇನ್ನೊಂದು ರೊಟ್ಟಿ ಕೇಳಿದ.

ವಿಷಯ ಮನೆಯಲ್ಲಿ ಹಬ್ಬಲು ಮಧ್ಯಾಹ್ನದವರೆಗೂ ಬೇಕಾಗಲಿಲ್ಲ. ಗುಂಡವ್ವ ಅದನ್ನು ಹೂವಿನ ಹಿಪ್ಪರಗಿಗೆ ಕೊಟ್ಟಿದ್ದ ಮಗಳು ಭಾಗ್ಯಾಳಿಗೆ ಫೋನಿನಲ್ಲಿ ಹೇಳಿದಳು. ಫೋನನ್ನು ಕಿವಿಯಿಂದ ದೂರ ಹಿಡಿದು ಮಾತಾಡುವವಳಾದ್ದರಿಂದ ಎರಡೂ ಕಡೆಯ ಮಾತು ಅಡುಗೆಮನೆಗೆ ಕೇಳಿಸಿತು.

“ಅದರಾಗೇನೈತಿ ಬೇ? ಖಡಕ್ ರೊಟ್ಟಿ ಮಾಡಿ ಒಟ್ಟಿಡಾಕ ಹೇಳು. ನಮ್ಮಲ್ಲೆ ತಿಂಗಳಗಟ್ಟಲೆ ಇರ್ತಾವು.”

“ಹಲ್ಲಿದ್ದೋರು ತಿನ್ಲಿ. ನಿಮ್ಮಪ್ಪಗ ಎಷ್ಟ ಹಲ್ಲದಾವು, ನೀನ ಬಂದು ಎಣಿಸಿ ಹೋಗು.”

ಅಲ್ಲಿಗೆ ಖಡಕ್ ರೊಟ್ಟಿಯ ಪ್ರಸ್ತಾಪ ಬಿದ್ದುಹೋಯಿತು.

ಆ ವಾರವಿಡೀ ಊಟಕ್ಕೆ ಕುಳಿತಾಗಲೆಲ್ಲ ಬರ್ಗರಿನದೇ ಮಾತು. ಒಂದು ಸಲ ತಿಂದವರಿಗೂ ಅದರ ಬಗ್ಗೆ ಎರಡೆರಡು ಅಭಿಪ್ರಾಯಗಳಿದ್ದವು. ತಾಮ್ರದ ತಂತಿ ತರಲು ಪುಣೆಗೆ ಹೋದಾಗ ತಾನೊಂದು ತಿಂದೆನೆಂದೂ, ತಿಂದ ಮೇಲೆ ಹಸಿವಾಗಿ ಬಾಳೆಹಣ್ಣು ಕೊಂಡೆನೆಂದೂ ರಾವಸಾಬ ಹೇಳಿದ. ವಿಜಯಪುರದಲ್ಲಿ ಚೀಸ್ ಹಾಕಿದ್ದು ಸಿಗುತ್ತದೆ, ಅದರ ಮುಂದೆ ಇಜಾಜನದು ಏನೂ ಅಲ್ಲ ಎಂದು ಅರುಣಕುಮಾರ. ಗೆಳತಿ ಸೌಂದರ್ಯಾಳ ಹುಟ್ಟುಹಬ್ಬಕ್ಕೆ ಹೋಗಿ ತಿಂದಿದ್ದ ಪಲ್ಲವಿಯ ಕಾಳಜಿಯೆಲ್ಲ ಫ್ರೈಸ್ ಕುರಿತದ್ದು.

“ಎಣ್ಣ್ಯಾಗಿಂದ ತಗದ ಕೂಡ್ಲೆ ತಿನ್ಬೇಕು. ಮನಿಗೆ ತಂದ್ರ ಅವು ಫ್ರೈಸ್ ಅಲ್ಲ, ಹಗ್ಗ. ಅಲ್ಲೇ ಹೋಗಿ ಕುಂತು ತಿನ್ಬೇಕು.”

ಸುಮ್ಮನೆ ಆಡಿದ ಈ ಮಾತನ್ನು ರಾವಸಾಬ ಹಿಡಿದುಕೊಂಡ. ನಡುವೆ ಇನ್ನೊಂದು ರವಿವಾರ ಎಂದಿನಂತೆ ರೊಟ್ಟಿ ಬಡಿಯುವ ಸದ್ದಿನಲ್ಲಿ ಕಳೆದುಹೋಗಿತ್ತು. ಹೆಂಡತಿ ಅವನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಅದರ ಮುಂದಿನ ರವಿವಾರ ಅವನು ಮುಂಜಾನೆಯೇ ಎಲ್ಲರ ಮುಂದೆ ಘೋಷಿಸಿದ:

“ಇವತ್ತ ಸಂಜಿಕ ಎಲ್ಲಾರೂ ಇಜಾಜನ ಅಂಗಡಿಗೇ ಹೋಗಿ ತಿನ್ನೂಣು. ರಾಜಶ್ರೀ, ನಿನಗ ರಜಾ ಆತಿಲ್ಲೋ?”

 ರಾಜಶ್ರೀ ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಇಸ್ತ್ರಿ ಮಾಡಿದಳು. ಸೆರಗು ಪಿನ್ನು ಮಾಡಿಕೊಳ್ಳುತ್ತಿದ್ದಾಗ ಗುಂಡವ್ವ ಬಾಗಿಲಲ್ಲಿ ಬಂದು ನಿಂತಳು.

“ಬುತ್ತಿ ಆತೇನು?”

“ಯಾವ ಬುತ್ತಿರಿ?”

“ಅಯ್ಯ ನಮ್ಮವ್ವಾ! ಮನಿ ಮಂದೆಲ್ಲಾ ಹೊರಗ ಹೊಂಟೇವಿ, ಬುತ್ತಿ ಇಲ್ದನ?”

ಇದು ಆ ಮನೆಯ ರೀತಿ. ಹೊಸ್ತಿಲಾಚೆ ಕಾಲಿಟ್ಟರೆ ಬುತ್ತಿ ಬೇಕು. ಅಗರಖೇಡದ ಬೀಗರ ಮನೆಗೂ ಬುತ್ತಿ, ಆಸ್ಪತ್ರೆಗೂ ಬುತ್ತಿ. ಮದುವೆಯ ಊಟಕ್ಕೆ ಹೋಗುವಾಗಲೂ ಗುಂಡವ್ವ ಚೀಲದ ತಳದಲ್ಲಿ ರೊಟ್ಟಿ ಇಟ್ಟುಕೊಂಡೇ ಹೋಗುವಳು. ಅಲ್ಲಿ ಏನು ಮಾಡಿರುತ್ತಾರೋ ಯಾರು ಕಂಡಿದ್ದಾರೆ?

“ಅತ್ತಿ, ನಾವು ಊಟಕ್ಕಂತನ ಹೊಂಟೇವ್ರಿ.”

“ಊಟಕ್ಕಲ್ಲ, ಪಲ್ಯಕ್ಕ ಹೊಂಟೇವಿ. ಎಸರಿಗಿಡು.”

ರಾಜಶ್ರೀ ಗಂಡನ ಕಡೆ ನೋಡಿದಳು. ರಾವಸಾಬ ಗೋಡೆಯ ಕ್ಯಾಲೆಂಡರಿನಲ್ಲಿ ಯಾವುದೋ ತಿಥಿ ಹುಡುಕುತ್ತಿದ್ದ. ಅವಳು ಹಸಿರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಂಚು ಇಟ್ಟಳು.

ಇಜಾಜನ ಅಂಗಡಿಯಲ್ಲಿ ಕೆಂಪು ಕುರ್ಚಿಗಳು, ಗೋಡೆಗೆ ಬಣ್ಣದ ದೀಪ, ದೀಪದ ಕೆಳಗೆ ‘ಹೊರಗಿನ ತಿಂಡಿ ತರಬಾರದು’ ಎಂಬ ಬೋರ್ಡು. ಗುಂಡವ್ವ ಆ ಬೋರ್ಡಿನ ಕೆಳಗೇ ಕುಳಿತು ಬಿಳಿ ಬಟ್ಟೆಯ ಗಂಟು ಬಿಚ್ಚಿದಳು. ರೊಟ್ಟಿ, ಖಾರದ ಚಟ್ನಿಪುಡಿಯಾದ ಶೇಂಗಾ ಹಿಂಡಿ, ಮೊಸರಿನ ಡಬ್ಬಿ, ನಾಲ್ಕು ಹಸಿಮೆಣಸಿನಕಾಯಿ ಮೇಜಿನ ಮೇಲೆ ಬಂದವು. ಇಜಾಜ ಓಡಿಬಂದ.

“ಆಯಿ, ಇಲ್ಲಿ ಹೊರಗಿಂದು ತರಂಗಿಲ್ರಿ.”

“ಹೊರಗಿಂದಲ್ಲೋ ತಮ್ಮಾ, ಮನಿದು. ಈಗ ಬಡಿದು ತಂದೇವಿ, ಮುಟ್ಟಿ ನೋಡು, ಬಿಸಿ ಐತಿ.”

“ಹಂಗಲ್ರಿ, ಉಳಿದ ಗಿರಾಕಿ ನೋಡ್ತಾರ...”

“ನೋಡ್ಲಿ. ಬೇಕಂದ್ರ ಅವರಿಗೂ ಒಂದೊಂದು ಕೊಡ್ತೇನಿ. ನೀ ಹೋಗು, ಪಲ್ಯ ತಗೊಂಡು ಬಾ. ಪಾವು ಬ್ಯಾಡ, ಬರೇ ನಡುವಿಂದು.”

“ಬರೇ ನಡುವಿಂದಕ್ಕ ರೇಟ್ ಇಲ್ರಿ ಆಯಿ!”

ಪಲ್ಲವಿ ಮುಖವನ್ನು ಮೆನು ಕಾರ್ಡಿನ ಹಿಂದೆ ಇಟ್ಟುಕೊಂಡಿದ್ದಳು. ಕಾಲೇಜಿನ ಯಾರಾದರೂ ಒಳಗೆ ಬಂದರೆ ತಾನು ಬೇರೆ ಮೇಜಿನವಳೆಂದು ತಿಳಿಯಲಿ ಎಂದು ಕುರ್ಚಿಯನ್ನೂ ಸ್ವಲ್ಪ ಸರಿಸಿದ್ದಳು. ಬರ್ಗರುಗಳು ಬಂದವು. ಮನೆಯವರೆಲ್ಲ ಅವನ್ನು ಬಿಚ್ಚಿ, ನಡುವಿನದನ್ನು ರೊಟ್ಟಿಗೆ ಹಚ್ಚಿಕೊಂಡು ಉಣ್ಣತೊಡಗಿದರು. ಫ್ರೈಸನ್ನು ಚಂದಪ್ಪ ಹಿಂಡಿಯಲ್ಲಿ ಅದ್ದಿ ತಿಂದ. ಪಾವುಗಳನ್ನು ಗುಂಡವ್ವ ಮುಂಜಾನೆಯ ಚಹಾಕ್ಕೆಂದು ಬಿಳಿ ಬಟ್ಟೆಯಲ್ಲಿ ಕಟ್ಟಿದಳು. ರಾಜಶ್ರೀ ತನ್ನ ಬರ್ಗರ್ ಮುಟ್ಟಲಿಲ್ಲ. ತಾನು ಬಡಿದ ರೊಟ್ಟಿಗಳು ಊರ ನಡುವೆ, ಬಣ್ಣದ ದೀಪದ ಕೆಳಗೆ ಖಾಲಿಯಾಗುವುದನ್ನು ನೋಡುತ್ತ ಕುಳಿತಳು.

ಹೊಟ್ಟೆ ತುಂಬುತ್ತ ಬಂದಂತೆ ಚಂದಪ್ಪನಿಗೆ ಮಾತಿನ ಹುರುಪು ಬಂತು.

“ಇದೇನು ಹೊಸಾದಲ್ಲ. ಇದನ್ನ ನಾ ಸೊಲ್ಲಾಪುರದಾಗ ಆಗಿನ ಕಾಲಕ್ಕ ತಿಂದೇನಿ. ಸ್ಟ್ಯಾಂಡಿನ ಹೊರಗ, ಗಾಡಿ ಮ್ಯಾಲ.”

“ಮುತ್ಯಾ, ಅದು ವಡಾಪಾವ್” ಎಂದ ಅರುಣಕುಮಾರ.

“ಹೆಸರು ಬ್ಯಾರೆ. ಪಾವು, ಬಟಾಟಿ, ನಡುವ ಖಾರ. ಇದಕ್ಕಿಂತ ಅದ ರುಚಿ ಇತ್ತು. ಆ ಖಾರ ಏನು ಖಾರ!”

“ಖಾರ ಹೆಂಗಿತ್ತೋ ನನಗ ಗೊತ್ತಿಲ್ಲ” ಎಂದಳು ಗುಂಡವ್ವ, ಹಿಂಡಿಯ ಡಬ್ಬಿ ಮುಚ್ಚುತ್ತ. “ಅವತ್ತ ನಾನೂ ಜೋಡಿ ಇದ್ದೆ. ಲಗ್ನ ಆದ ಹೊಸದಾಗಿ. ಇವರು ಎರಡು ತಿಂದ್ರು. ನನಗ, ‘ನೀ ಬುತ್ತಿ ಬಿಚ್ಚು, ಹಳಸ್ತೈತಿ’ ಅಂದ್ರು.”

ರಾಜಶ್ರೀ ತಲೆ ಎತ್ತಿ ಅತ್ತೆಯನ್ನು ನೋಡಿದಳು.

“ಹಳಸ್ತಿತ್ತಲ್ಲ ಮತ್ತ?” ಎಂದ ಚಂದಪ್ಪ.

“ಹಳಸಲಿಲ್ಲ. ತಿಂದೆ.”

ಮನೆಗೆ ಬಂದು ಖಾಲಿ ಡಬ್ಬಿಗಳನ್ನು ತೊಳೆಯುತ್ತಿದ್ದಾಗ ರಾಜಶ್ರೀ ಒಮ್ಮೆಲೇ ಮಾತಾಡಿದಳು.

“ಅತ್ತಿ, ಮುಂದಿನ ಐತವಾರ ನಾ ಬಡಿಯಂಗಿಲ್ರಿ. ಹೋಗೂದಿದ್ರೂ ಬಡಿಯಂಗಿಲ್ಲ, ಇರೂದಿದ್ರೂ ಬಡಿಯಂಗಿಲ್ಲ.”

“ನಾ ಜೀವಮಾನ ಎಲ್ಲಾ ಬಡದೇನಿ. ಒಂದಿನಾ ಬ್ಯಾಸರಾತು ಅಂದಿಲ್ಲ.”

“ಆಗಿರ್ಬೇಕ್ರಿ. ನೀವು ಅಂದಿಲ್ಲ.”

“ಯಾರ ಮುಂದ ಅನ್ಲಿ? ನಿಮ್ಮ ಮಾವನ ಮುಂದ ಅಂದಿದ್ರ, ನಮ್ಮ ತವರಮನಿಗೆ ಟಿಕೇಟ ಹರದು ಕೈಯಾಗ ಕೊಡ್ತಿದ್ರು.”

“ನಾ ಅಂದೇನ್ರಿ. ಯಾರು ಏನ ಹರದು ಕೊಡ್ತಾರೋ ಕೊಡ್ಲಿ.”

ಗುಂಡವ್ವ ಸೊಸೆಯನ್ನು ಮೇಲಿಂದ ಕೆಳಗೆ ನೋಡಿ, “ಸೀರಿ ಬದಲಿ ಮಾಡು, ಹಿಟ್ಟು ಹತ್ತೈತಿ” ಎಂದು ಹೊರಗೆ ಹೋದಳು.

ವಾರ ಕಳೆಯಿತು. ಯಾರೂ ಆ ಮಾತೆತ್ತಲಿಲ್ಲ. ಎತ್ತದಿದ್ದರೆ ತಾನಾಗಿ ಹೋಗುತ್ತದೆಂದು ರಾವಸಾಬ ನಂಬಿದ್ದ. ರವಿವಾರ ಸಂಜೆ, ದೀಪ ಹಚ್ಚಿದ ಮೇಲೆ, ರಾಜಶ್ರೀ ಚಪ್ಪಲಿ ಮೆಟ್ಟಿದಳು.

“ಹಿಟ್ಟಿನ ಡಬ್ಬಿ ಅಲ್ಲೈತಿ, ಹಂಚು ಅಲ್ಲೈತಿ. ನಾ ಹೋಗಿ ಬರ್ತೇನ್ರಿ.”

“ಎಲ್ಲಿಗೆ?” ಎಂದಳು ಗುಂಡವ್ವ.

“ಬರ್ಗರ್ ತಿನ್ನಾಕ.”

“ಒಬ್ಬಾಕೀನ?”

“ಹೌದ್ರಿ.”

“ಬುತ್ತಿ?”

“ಇಲ್ರಿ.”

ಅವಳು ಹೋದ ಮೇಲೆ ನಡುಮನೆಯಲ್ಲಿ ಸಭೆ ಸೇರಿತು. ಎಲ್ಲರ ಕಣ್ಣು ಮೊದಲು ಪಲ್ಲವಿಯ ಕಡೆ ಹೋಯಿತು.

“ನನ್ನ ನೋಡಬ್ಯಾಡ್ರಿ. ಇವತ್ತ ನಾ ಬಡದ್ರ ಮುಂದಿನ ಐತವಾರಾನೂ ನಾನ ಬಡೀಬೇಕಾಗ್ತೈತಿ. ಆಮ್ಯಾಲ ದಿನಾ.”

“ಅರುಣ್ಯಾ ಬರ್ಗರ್ ತರ್ಲಿ” ಎಂದ ರಾವಸಾಬ.

“ತಂದ್ರ ಅದಕ್ಕ ರೊಟ್ಟಿ ಯಾರು ಬಡೀಬೇಕು?” ಎಂದ ಅರುಣಕುಮಾರ. ಆ ಮನೆಯಲ್ಲಿ ಅದು ಪೂರ್ತಿ ಸಮಂಜಸವಾದ ಪ್ರಶ್ನೆಯಾಗಿತ್ತು.

ಕೊನೆಗೆ ಚಂದಪ್ಪ ಹೆಂಡತಿಯ ಕಡೆ ತಿರುಗಿದ. “ನೀನ ನಾಲ್ಕು ಬಡಿ. ಹಳೇ ಕೈ ನಿಂದು.”

ಗುಂಡವ್ವ ಎದ್ದು ಅಡುಗೆಮನೆಗೆ ಹೋದಳು. ಪರಾತ ಎಳೆದುಕೊಂಡು ಹಿಟ್ಟು ಹಾಕಿದಳು. ರಾವಸಾಬ ಎಸರು ಕಾಯಿಸಿ ತಂದು ಪಕ್ಕದಲ್ಲಿಟ್ಟ. ಹೊರಗಿನಿಂದ ಚಂದಪ್ಪನ ದನಿ ಬಂತು: “ತೆಳ್ಳಗ ಬಡಿ! ರಾಜಶ್ರೀ ತೆಳ್ಳಗ ಬಡೀತಾಳ!”

ಗುಂಡವ್ವ ಎಸರಿನ ಪಾತ್ರೆಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಹಿಟ್ಟನ್ನು ತಿರುಗಿ ಡಬ್ಬಿಗೆ ಸುರಿದಳು. ಕೈ ಝಾಡಿಸಿಕೊಂಡು ಹೊರಗೆ ಬಂದಳು.

“ಏಳ್ರಿ.”

“ಎಲ್ಲಿಗೆ?”

“ವಡಾಪಾವ್ ತಿನ್ನಾಕ.”

“ಆಯಿ, ಅಲ್ಲಿರೂದು ವಡಾಪಾವ್ ಅಲ್ಲ” ಎಂದ ಅರುಣಕುಮಾರ.

“ನಿಮ್ಮ ಮುತ್ಯಾನ ಕೇಳು. ಹೆಸರಷ್ಟ ಬ್ಯಾರೆ ಅಂದಾರ.”

ಅಂಗಡಿಯ ಮೂಲೆಯ ಮೇಜಿನಲ್ಲಿ ರಾಜಶ್ರೀ ಒಬ್ಬಳೇ ಕುಳಿತಿದ್ದಳು. ಮುಂದೆ ಅರ್ಧ ತಿಂದ ಬರ್ಗರ್, ಬಿಚ್ಚದೆ ಇದ್ದದ್ದು. ಪಕ್ಕದಲ್ಲಿ ಬಿಸಿ ಫ್ರೈಸ್. ಒಂದೊಂದಾಗಿ ತಿನ್ನುತ್ತ ಸ್ಟ್ಯಾಂಡಿಗೆ ಬರುವ ಬಸ್ಸುಗಳನ್ನು ನೋಡುತ್ತಿದ್ದಳು. ಬಾಗಿಲಲ್ಲಿ ಮನೆಯವರೆಲ್ಲ ಕಂಡಾಗ ಅವಳ ಮುಖ ಸಣ್ಣದಾಯಿತು. ಇಜಾಜ ಮಾತ್ರ ಮೊದಲು ಗುಂಡವ್ವನ ಕೈಗಳನ್ನು ನೋಡಿದ. ಖಾಲಿ ಇದ್ದವು.

ರಾವಸಾಬ ನೇರ ಹೆಂಡತಿಯ ಮೇಜಿಗೆ ನಡೆದ. ಗುಂಡವ್ವ ಅವನ ತೋಳು ಹಿಡಿದಳು.

“ಆ ಕಡೆ ಎಲ್ಲಿ ಹೊಂಟಿ? ಇಲ್ಲಿ ಕುಂಡ್ರು.”

“ಅಕಿ ಅಲ್ಲಿ ಕುಂತಾಳಲ್ಲ ಬೇ.”

“ಕುಂತಾಳ. ಕುಂಡ್ರಲಿ.”

ಅತ್ತೆ ಬಂದರೆಂದು ರಾಜಶ್ರೀ ರೂಢಿಯಂತೆ ಅರ್ಧ ಎದ್ದಿದ್ದಳು. ಗುಂಡವ್ವ ದೂರದಿಂದಲೇ ಅಂಗೈ ಕೆಳಗೆ ಮಾಡಿ ತೋರಿಸಿದಳು. ರಾಜಶ್ರೀ ಕುಳಿತಳು.

“ಬರೇ ನಡುವಿಂದ ತರ್ಲೇನ್ರಿ ಆಯಿ?” ಎಂದ ಇಜಾಜ.

“ಪೂರಾ ತಗೊಂಡು ಬಾ. ಮ್ಯಾಲಿಂದು, ಕೆಳಗಿಂದು, ಎಲ್ಲಾ. ನಾಕು ತಾ.”

“ಐದು” ಎಂದ ಚಂದಪ್ಪ, ಮೇಜಿನ ಸುತ್ತಲಿನ ತಲೆಗಳನ್ನು ಕಂಡಕ್ಟರನ ಕಣ್ಣಿನಿಂದ ಎಣಿಸಿ.

“ನಾಕ ಸಾಕು” ಎಂದಳು ಗುಂಡವ್ವ. “ಮಧ್ಯಾಹ್ನದ್ದು ಎರಡು ರೊಟ್ಟಿ ಉಳದಾವು. ನೀವು ಮನಿಗೆ ಹೋಗಿ ತಿನ್ರಿ. ಹಳಸ್ತಾವು.”

ನೀರು ಕುಡಿಯುತ್ತಿದ್ದ ಪಲ್ಲವಿಗೆ ನಗು ಬಂದು ನೆತ್ತಿಗೇರಿತು. ಚಂದಪ್ಪ ಮಗನನ್ನು ನೋಡಿದ, ಮೊಮ್ಮಗನನ್ನು ನೋಡಿದ; ಯಾರೂ ಅವನ ಪರ ನಿಲ್ಲಲಿಲ್ಲ. ಗುಂಡವ್ವ ಎರಡೂ ಕೈಯಲ್ಲಿ ಬರ್ಗರ್ ಎತ್ತಿ ಕಚ್ಚಿದಳು. ಬಿಳಿ ಸಾಸು ಸೆರಗಿನ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ.

“ಹೆಂಗೈತಿ ಆಯಿ?” ಎಂದು ಕೇಳಿದಳು ಪಲ್ಲವಿ.

“ಖಾರಿಲ್ಲ” ಎಂದಳು ಗುಂಡವ್ವ. ಪೂರ್ತಿ ತಿಂದಳು. ಆಮೇಲೆ ಫ್ರೈಸ್ ತರಿಸಿ ಒಂದನ್ನು ಎತ್ತಿ ಹಿಡಿದು ನೋಡಿದಳು; ಅದು ನೆಟ್ಟಗೆ ನಿಂತಿತು. ತಟ್ಟೆಯನ್ನು ಗಂಡನ ಕಡೆಯಿಂದ ತನ್ನ ಕಡೆಗೆ ಸರಿಸಿಕೊಂಡಳು.

ಬರ್ಗರ್ ಊಟವೋ ಪಲ್ಯವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ವಾರವಾರವೂ ಅಂಗಡಿಗೆ ಹೋಗುವುದು ಮನೆತನಕ್ಕೆ ಹೊಂದುವುದಿಲ್ಲವೆಂದು ಚಂದಪ್ಪ ಹೇಳಿದ್ದರಿಂದ ಅದೂ ನಿಂತಿದೆ. ಈಗ ರವಿವಾರ ಸಂಜೆ ಆ ಮನೆಯಲ್ಲಿ ರಾವಸಾಬ ಅನ್ನಕ್ಕಿಡುತ್ತಾನೆ. ತಳ ಹಿಡಿಯುತ್ತದೆ. ಎಲ್ಲರೂ ತಿನ್ನುತ್ತಾರೆ. ರಾಜಶ್ರೀ ಕಟ್ಟೆಯ ಮೇಲೆ ಕುಳಿತಿರುತ್ತಾಳೆ. ಸಾತವ್ವ ಈಗ ಆರೋಗ್ಯ ವಿಚಾರಿಸುವುದಿಲ್ಲ.